ಮೇಡಮ್ ಓಡಿಸುವ ಕಾರು

ಎಂಜಿನ್ ಕಿರುಚಿತು, ಕಾರು ಏರಲಿಲ್ಲ. ಮೇಲ್ಸೇತುವೆಯ ಅರ್ಧದಲ್ಲಿ ವೀರೇಶ್ ಆಕ್ಸಿಲರೇಟರನ್ನು ಇನ್ನಷ್ಟು ತುಳಿದ. ಸದ್ದು ಹೆಚ್ಚಿತು, ವೇಗ ತಗ್ಗಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನೀರಿನ ಲಾರಿಯೊಂದು ಹಾರ್ನ್ ಒತ್ತಿಹಿಡಿದಿತ್ತು. ವೀರೇಶ್ ಕಿಟಕಿಯಿಂದ ಕೈ ಚಾಚಿ, ಮುಂದೆ ಯಾರೋ ಅಡ್ಡ ನಿಂತಿದ್ದಾರೆ ಎಂಬಂತೆ ಸನ್ನೆ ಮಾಡಿದ.

ಮುಂದೆ ಯಾರೂ ಇರಲಿಲ್ಲ.

ಮಾಧವರಂನ ಕಂಪನಿಯೊಂದರಲ್ಲಿ ಅವನು ತರಬೇತಿ ವಿಭಾಗದ ಮ್ಯಾನೇಜರ್. ಅಂದು ಬೆಳಿಗ್ಗೆ ಹೊಸ ಸೂಪರ್‌ವೈಸರುಗಳಿಗೆ ಹೊಣೆಗಾರಿಕೆಯ ಬಗ್ಗೆ ಭಾಷಣ ಕೊಡಬೇಕಿತ್ತು. ವರ್ಷಕ್ಕೆರಡು ಸಲ ಕೊಡುತ್ತಿದ್ದ ಭಾಷಣ. ಎಲ್ಲಿ ನಗಬೇಕೆಂಬುದೂ ಅವನಿಗೆ ಬಾಯಿಪಾಠವಾಗಿತ್ತು. ಮೊಬೈಲಿನಲ್ಲಿ ಸಹಾಯಕ ಮೋನಪ್ಪನನ್ನು ಹಿಡಿದ.

"ಕ್ಲಚ್ ಹೋಗಿದೆ. ಇವತ್ತು ನೀವೇ ಮಾತಾಡಿಬಿಡ್ತೀರಾ?"

"ಆಯ್ತು ಸರ್, ನಾನೇ ಮಾಡ್ತೇನೆ. ನೀವು ನಿಧಾನಕ್ಕೆ ಬನ್ನಿ."

ನಿಧಾನಕ್ಕೆ ಎಂಬುದು, ಬರದಿದ್ದರೂ ನಡೆಯುತ್ತದೆ ಎಂಬಂತೆ ಕೇಳಿಸಿತು. ಮೋನಪ್ಪನ ದನಿಯಲ್ಲಿ ಉತ್ಸಾಹವಿತ್ತು. ವೀರೇಶ್ ಬೇರೆ ಯಾರಿಗೂ ಫೋನ್ ಮಾಡಲಿಲ್ಲ. ಅವನಿಗೂ ಯಾರೂ ಮಾಡಲಿಲ್ಲ.

ಹಗ್ಗ ಕಟ್ಟಿಸಿ ಕಾರನ್ನು ಮೈಲಾಪೂರ್‌ಗೆ ಎಳೆಸಿಕೊಂಡು ಬಂದ. ಮನೆಯಿಂದ ಎರಡು ಬೀದಿ ಆಚೆ, ಒಂದು ಸಂದಿಯ ಕೊನೆಗೆ ಮೆಕ್ಯಾನಿಕ್ ಏಳುಮಲೈಯ ಶೆಡ್ಡು. ಮಧ್ಯಾಹ್ನದ ಹೊತ್ತಿಗೆ ಕಾರಿನ ಗೇರ್‌ಬಾಕ್ಸ್ ನೆಲದ ಮೇಲಿತ್ತು. ಯಾವುದೋ ಕಾರಿನಿಂದ ಕಿತ್ತಿಟ್ಟ ಸೀಟಿನ ಮೇಲೆ ಕುಳಿತು ವೀರೇಶ್ ಬೆವರುತ್ತಿದ್ದ. ಇಸ್ತ್ರಿಯ ಶರ್ಟು, ಟೈ. ಕೆಲಸದವರು ಅವನನ್ನು ಸುತ್ತಿ ಹಾಯುತ್ತಿದ್ದರು, ಸರಿಸಲಾಗದ ಸಾಮಾನನ್ನು ಸುತ್ತಿ ಹೋಗುವ ಹಾಗೆ.

ಏಳುಮಲೈ ಕಪ್ಪಗಾದ ಕ್ಲಚ್ ಪ್ಲೇಟನ್ನು ತಂದು ಅವನ ಮೂಗಿನ ಮುಂದೆ ಹಿಡಿದ.

"ಪೋಚ್ಚು ಸಾರ್," ಹೋಯ್ತು ಎಂದ. ಉಳಿದದ್ದನ್ನೂ ತಮಿಳಿನಲ್ಲೇ ಹೇಳಿದ: "ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾರೆ. ಮೇಡಮ್ ಓಡಿಸೋದಾ?"

ಜ್ಯೋತಿ ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವಳಲ್ಲ. ಕಲೀತೀನಿ ಅಂದಾಗ ವೀರೇಶನೇ, ಈ ಊರಿನ ಟ್ರಾಫಿಕ್ ನಿನಗಲ್ಲ ಅಂದಿದ್ದ.

"ಹೌದು," ಎಂದ.

ಅಷ್ಟು ಸಲೀಸಾಗಿ ಬಂತು. ಬಂದಮೇಲೆ ಅದಕ್ಕೆ ಬಾಲವನ್ನೂ ಸೇರಿಸಿದ: "ಎಷ್ಟು ಹೇಳಿದರೂ ಕೇಳಲ್ಲ."

ಏಳುಮಲೈ ನಕ್ಕ. ಕಾರಿನಡಿ ಮಲಗಿದ್ದವನೂ ನಕ್ಕ. ತನ್ನ ಹೆಂಡತಿ ಸ್ಕೂಟರನ್ನು ಗೋಡೆಗೆ ಗುದ್ದಿಸಿದ ಕಥೆಯನ್ನು ಇನ್ನೊಬ್ಬ ತೆಗೆದ. ಯಾರೋ ಟೀ ತಂದುಕೊಟ್ಟರು. ಹುಬ್ಬಳ್ಳಿ ಬಿಟ್ಟು ಬಂದಮೇಲೆ ಈ ಊರಿನಲ್ಲಿ ಯಾರೂ ತನ್ನನ್ನು ಹೀಗೆ ಒಳಗೆ ಸೇರಿಸಿಕೊಂಡಿರಲಿಲ್ಲ ಅನ್ನಿಸಿತು. ವೀರೇಶ್ ಟೈ ಸಡಿಲಿಸಿ, ಜ್ಯೋತಿಯ ಡ್ರೈವಿಂಗಿನ ಬಗ್ಗೆ ಇನ್ನೂ ಎರಡು ಪ್ರಸಂಗ ಹೇಳಿದ. ಒಂದರಲ್ಲಿ ಎಮ್ಮೆಯೂ ಇತ್ತು.

ಸಂಜೆ ಜ್ಯೋತಿ ರೇಷ್ಮೆ ಸೀರೆ ಉಟ್ಟು ನಡೆದುಬಂದಳು. ಇಬ್ಬರೂ ಅಲ್ಲಿಂದಲೇ ಪಲ್ಲಾವರಂಗೆ ಹೊರಡಬೇಕಿತ್ತು. ಅವನ ದೊಡ್ಡಪ್ಪನ ಮಗ ಮುರುಗೆಪ್ಪನ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ವೀರೇಶನ ತಾಯಿ ಗಿರಿಜಾದೇವಿ ಊರಿನಿಂದ ಬಂದು ಆಗಲೇ ಅಲ್ಲಿದ್ದರು. ತೊಟ್ಟಿಲು ಕಂಡಲ್ಲೆಲ್ಲ ಅವರು ಸೊಸೆಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಮಕ್ಕಳಾಗದ ದೋಷವಿದ್ದದ್ದು ವೀರೇಶನಲ್ಲಿ. ಹಿಂದೆ ಡಾಕ್ಟರು ಗಂಡಹೆಂಡಿರನ್ನು ಒಳಗೆ ಕೂರಿಸಿ ಮೆತ್ತಗೆ ಹೇಳಿದ್ದರು. ಹೊರಗೆ ಬೆಂಚಿನ ಮೇಲೆ ಕಾದಿದ್ದ ತಾಯಿ, "ಯಾರದಂತ?" ಎಂದು ಕೇಳಿದಾಗ ಅವನು ತಿರುಗುವ ಫ್ಯಾನ್ ನೋಡುತ್ತ ನಿಂತ. ಅವನ ಮೌನವನ್ನು ತಾಯಿ ತಮಗೆ ಬೇಕಾದಂತೆ ಅರ್ಥಮಾಡಿಕೊಂಡರು. ಪಕ್ಕದಲ್ಲಿದ್ದ ಜ್ಯೋತಿ ಆಗಲೂ ಮಾತಾಡಲಿಲ್ಲ, ಆಮೇಲೂ ಇಲ್ಲ. ಆ ವಿಷಯ ಮುಗಿದಿದೆ ಎಂದು ವೀರೇಶ್ ತಿಳಿದಿದ್ದ.

ಹೊಸ ಕ್ಲಚ್ ಕೂತಿತ್ತು. ಏಳುಮಲೈ ಕೈ ಒರೆಸಿಕೊಳ್ಳುತ್ತ ನೇರವಾಗಿ ಜ್ಯೋತಿಯ ಬಳಿ ಹೋದ.

"ಮೇಡಮ್, ಗೇರ್ ಹಾಕಿದ ಮೇಲೆ ಕಾಲು ಪಕ್ಕಕ್ಕಿಡಬೇಕು. ನೀವು ಮೇಲೇ ಇಡ್ತೀರಂತೆ. ಸಾರ್ ಹೇಳಿದ್ರು."

ಒಂಟಿ ಕಾಲಲ್ಲಿ ನಿಂತು ಗಾಳಿಯಲ್ಲಿ ಒತ್ತಿ, ಬಿಟ್ಟು ತೋರಿಸಿದ. ಜ್ಯೋತಿ ಆ ಕಾಲನ್ನು ನೋಡಿದಳು. ಆಮೇಲೆ ವೀರೇಶನನ್ನು ನೋಡಿದಳು. ವೀರೇಶ್ ಮೊಬೈಲ್ ನೋಡುತ್ತಿದ್ದ.

"ಸರಿ," ಎಂದಳು ತಮಿಳಿನಲ್ಲಿ. "ಇನ್ನು ಮೇಲೆ ಇಡೋದಿಲ್ಲ."

ಏಳುಮಲೈಗೆ ಸಂತೋಷವಾಯಿತು. ಕೀಯನ್ನು ಅವಳ ಕೈಯಲ್ಲೇ ಇಟ್ಟ. "ನೀವೇ ಓಡಿಸಿ ನೋಡಿ. ಬೆಣ್ಣೆ ಹಾಗಿದೆ."

ವೀರೇಶ್ ಕೈ ಚಾಚಿದ. ಜ್ಯೋತಿ ಅವನನ್ನು ಸುತ್ತಿ ಹೋಗಿ ಸ್ಟಿಯರಿಂಗ್ ಕಡೆಯ ಬಾಗಿಲು ತೆರೆದು, ಸೆರಗು ಎಳೆದುಕೊಂಡು ಕುಳಿತಳು. ಶೆಡ್ಡಿನ ಎಲ್ಲರೂ ನೋಡುತ್ತಿದ್ದರು. ಅವನು ಆಚೆ ಬದಿಯಿಂದ ಹತ್ತಿ ಬಾಗಿಲೆಳೆದುಕೊಂಡ.

"ಕೀ ಕೊಡು."

"ಯಾಕ? ನಾನ ಓಡಸೂದಲ್ಲ?"

"ಅವ ಕೇಳಿದ. ಹೂಂ ಅಂದೆ. ಅಷ್ಟ."

"ಅತ್ತಿ ಕೇಳಿದಾಗ ಹೂಂನೂ ಅನ್ನಲಿಲ್ಲ ನೀವು."

ವೀರೇಶ್ ಗಡಿಯಾರ ನೋಡಿಕೊಂಡ. "ಹೊತ್ತಾತು. ಅಲ್ಲಿ ಕಾಯ್ತಿರ್ತಾರ."

"ಕಾಯ್ಲಿ. ತೊಟ್ಟಿಲಾ ಎಲ್ಲೂ ಹೋಗಂಗಿಲ್ಲ."

ಅವಳು ಚಪ್ಪಲಿ ಬಿಟ್ಟು, ಕ್ಲಚ್ಚನ್ನು ತಳದವರೆಗೂ ಒತ್ತಿದಳು. ಮೆಲ್ಲಗೆ ಬಿಟ್ಟಳು. ಮತ್ತೆ ಒತ್ತಿದಳು.

"ಭಾಳ ಹಗೂರ ಐತಿ," ಎಂದಳು. ಕೀ ಅವಳ ಮುಷ್ಟಿಯಲ್ಲೇ ಇತ್ತು.

ಏನಾದರೂ ಹೇಳಬೇಕೆಂದು ವೀರೇಶನಿಗೆ ಅನ್ನಿಸಿತು. ತೋಚಿದ್ದೆಲ್ಲ ಹೊಣೆಗಾರಿಕೆಯ ಭಾಷಣದ ಇಂಗ್ಲಿಷಿನಲ್ಲಿತ್ತು.

ಅಷ್ಟರಲ್ಲಿ ಏಳುಮಲೈ ಕಾರಿನ ಹಿಂದೆ ಹೋಗಿ ಸಂದಿಯ ಬಾಯಿಗೆ ಅಡ್ಡ ನಿಂತ. ಮೇಡಮ್‌ಗೆ ದಾರಿ ಬಿಡಿಸಲು ಒಂದು ಆಟೋ ತಡೆದ, ಸೈಕಲ್ಲಿನವನನ್ನು ತಡೆದ, ಹೂವಿನ ಬುಟ್ಟಿಯ ಹೆಂಗಸನ್ನೂ ತಡೆದ. ಎರಡೂ ಕೈ ಎತ್ತಿ ಕಾರನ್ನು ಹಿಂದಕ್ಕೆ ಕರೆಯತೊಡಗಿದ: "ವಾಂಗ, ವಾಂಗ... ನೇರ ಬನ್ನಿ..."

ವೀರೇಶ್ ಕತ್ತು ತಿರುಗಿಸಿ ನೋಡಿದ. ಏಳುಮಲೈ ಕರೆಯುತ್ತಲೇ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ, ಜಾಗ ಕೊಡುತ್ತ, ಎಚ್ಚರಿಕೆಯಿಂದ, ಕಾರು ತನ್ನ ಮೇಲೇ ಬರುತ್ತಿದೆ ಎಂಬಂತೆ. ಕಾರು ಅಲ್ಲೇ ಇತ್ತು.