ಅಣ್ಣನ ಬಾಣಕ್ಕೆ ಗರಿ

ಅಣ್ಣ ಸ್ಕೆಂಬೋರ್ ತೀರಿಕೊಂಡ ಮೇಲೆ ಮೂರು ತಿಂಗಳು ದಿನವೂ ಬೆಳಗಿನ ಜಾವದ ಕನಸಿಗೆ ಬರುತ್ತಿದ್ದ. ಬದುಕಿದ್ದಾಗ ಅಷ್ಟು ಹೊತ್ತಿಗೆ ಎದ್ದ ಆಸಾಮಿಯೇ ಅಲ್ಲ. ನಮ್ಮ ಮನೆಯ ಹಿಂದಿನ ಕಣಿವೆಯಂಚಿನ ಹಾಸುಬಂಡೆಯ ಮೇಲೆ, ಮೊಣಕಾಲಿನವರೆಗೆ ಮಂಜಿನಲ್ಲಿ ನಿಂತು ಬಲಗೈ ಚಾಚುತ್ತಿದ್ದ. ಏನು ಬೇಕು ಎಂದು ಕೇಳಿದರೆ ಸುಮ್ಮನೆ ನಗುತ್ತಿದ್ದ. ನಾನು ಎಲೆಅಡಿಕೆ ಮಡಿಸಿ ಕೊಡುತ್ತಿದ್ದೆ. ಅದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಮೆದ್ದು, ಮತ್ತೆ ಖಾಲಿ ಕೈ ಚಾಚುತ್ತಿದ್ದ.

ಸತ್ತವರು ದೇವರ ಅಂಗಳದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾರೆ ಅನ್ನುವವರು ನಾವು. ಇವನು ಇನ್ನೂ ನನ್ನ ಕೈಯಿಂದ ಇಸಿದುಕೊಳ್ಳುತ್ತಿದ್ದಾನೆ ಅಂದರೆ ಅಲ್ಲಿಗೆ ಸೇರಿಲ್ಲ ಎಂದೇ ಅರ್ಥ. ನನಗದು ಗೊತ್ತಿತ್ತು. ಆದರೂ ಸುಳ್ಳು ಯಾಕೆ ಹೇಳಲಿ, ಅವನು ಬರುವುದು ನನಗೆ ಇಷ್ಟವಿತ್ತು. ಮದುವೆಯಾಗದೆ ತಾಯಿಮನೆಯಲ್ಲೇ ಉಳಿದ ಗಂಡಸು ನಾನು; ಐವತ್ತೆರಡು ವರ್ಷ ಅವನ ಬೆನ್ನ ಹಿಂದೆಯೇ ನಡೆದವನು.

ನಮ್ಮಲ್ಲಿ ಮನೆ ಕಿರಿಯ ಮಗಳಿಗೆ ಸೇರುತ್ತದೆ, ಹಾಗಾಗಿ ಇದು ನನ್ನ ಕಿರಿಯ ತಂಗಿ ಟ್ರೊಲಿನ್‌ಳದು. ಕನಸಿನ ವಿಷಯ ಅವಳೊಬ್ಬಳಿಗೆ ಹೇಳಿದ್ದೆ. ಕೆಲಸದ ಪೆಟ್ಟಿಗೆಯ ಮೇಲೆ ಅವನಿಗೆ ಆಸೆ ಉಳಿದಿರಬೇಕು, ಅದನ್ನು ಯಾರೂ ಮುಟ್ಟಬೇಡಿ ಎಂದಳು. ಅಣ್ಣ ಊರಿಗೆಲ್ಲ ಬಾಣ ಕಟ್ಟಿಕೊಡುತ್ತಿದ್ದವನು. ಪೆಟ್ಟಿಗೆ ಒಲೆಯ ಪಕ್ಕದ ಅಟ್ಟದಲ್ಲಿ ಮಸಿ ಹಿಡಿಯುತ್ತಾ ಕೂತಿತು.

ಆಮೇಲೆ ಟ್ರೊಲಿನ್‌ಳ ಮಗಳು ಡಾಫಿಶಾಗೆ ಹತ್ತಿರದ ಪೇಟೆ ಸೊಹ್ರಾದ ಆಸ್ಪತ್ರೆಯಲ್ಲಿ ಗಂಡುಮಗುವಾಯಿತು. ನಮ್ಮಲ್ಲಿ ಗಂಡುಮಗುವಿಗೆ ಹೆಸರಿಡುವಾಗ ಪಕ್ಕದಲ್ಲಿ ಒಂದು ಬಿಲ್ಲು, ಮೂರು ಬಾಣ ಇಡಬೇಕು. ಆ ಮೂರು ಬಾಣ ಒಲೆಯ ಮೇಲಿನ ತೊಲೆಗೆ ಸಿಕ್ಕಿಸಿರುತ್ತವೆ, ಮಗು ಮುದುಕನಾಗಿ ಸಾಯುವತನಕ. ಚಿತೆಯಲ್ಲಿ ಅವನ ಜೊತೆಗೇ ಹೋಗುತ್ತವೆ. ಬೇರೆ ಮನೆಯವರು ಸಂತೆಯಿಂದ ತಂದರೂ ತಂದಾರು. ನಮ್ಮ ಮನೆಯಲ್ಲಿ ಮಾತ್ರ ತಾಯಿಕಡೆಯ ಮಾವನೇ ಕೂತು ಗರಿ ಕಟ್ಟಬೇಕು. ಡಾಫಿಶಾಗೆ ಅಣ್ಣತಮ್ಮಂದಿರಿಲ್ಲ; ಉಳಿದಿರುವ ಮಾವ ಅಂದರೆ ಅವಳ ಮಾವ ನಾನೊಬ್ಬನೇ, ಅದೂ ಸ್ಕೂಲಿನ ಗುಮಾಸ್ತ. ಹಾಜರಿ ಪುಸ್ತಕಕ್ಕೆ ಮೊಹರು ಒತ್ತುವುದು ಬಿಟ್ಟರೆ ಈ ಕೈಗೆ ಬೇರೆ ವಿದ್ಯೆ ಬಾರದು. ಮಗು ಮನೆಗೆ ಬಂದ ಮರುದಿನವೇ ಹೆಸರಿಡುವುದು. ನನಗೆ ಸಿಕ್ಕಿದ್ದು ನಾಲ್ಕು ದಿನ.

ಪೆಟ್ಟಿಗೆ ಮುಟ್ಟುವಂತಿಲ್ಲವಲ್ಲ, ಸೊಹ್ರಾದ ಸಂತೆಗೆ ಹೋದೆ. ಮಿರಮಿರ ಮಿಂಚುವ ಚಾಕು, ಒಳ್ಳೆಯ ಕತ್ತರಿ, ಡಬ್ಬಿಯಲ್ಲಿ ಬಿಳಿ ಅಂಟು, ನೈಲಾನ್ ದಾರ, ಒಂದು ಚೀಲ ಹೆಬ್ಬಾತಿನ ಗರಿ, ಎಲ್ಲ ಆರಿಸಿದೆ. ಹರಿತ ಕಂಡದ್ದೆಲ್ಲ ಒಳ್ಳೆಯದು ಎಂದುಕೊಂಡಿದ್ದೆ. ಅಂಗಡಿಯ ಬಿಯೋಲಿನ್ ಅಕ್ಕ ಎಲೆಅಡಿಕೆಯಿಂದ ಕೆಂಪಾದ ಬಾಯಲ್ಲಿ ನಕ್ಕಳು.

“ಚಾಕು ನಾನು ಕೊಡ್ತೀನಪ್ಪ ತಮ್ಮಾ. ಕೈ ಯಾರ ಹತ್ರ ಕೊಂಡ್ಕೋತೀಯ?”

ಅವಳ ಮಾತಿಗೆ ಸಿಟ್ಟು ಬಂತು. ಎರಡು ದಿನದಲ್ಲಿ ಸಿಟ್ಟು ಇಳಿಯಿತು, ಯಾಕೆಂದರೆ ಅವಳು ಹೇಳಿದ್ದೇ ಸರಿ. ಕತ್ತರಿ ಗರಿಯ ಅಂಚನ್ನು ಜಜ್ಜಿತು. ಚಾಕು ಬಿದಿರಿನ ಮೇಲೆ ಜಾರಿ ಹೆಬ್ಬೆರಳು ಕುಯ್ದಿತು. ಅಂಟು ಒಣಗುವುದರೊಳಗೆ ಗರಿ ಓರೆಯಾಗುತ್ತಿತ್ತು, ಬಿಗಿದರೆ ನೈಲಾನ್ ದಾರ ಅದನ್ನೇ ಕತ್ತರಿಸುತ್ತಿತ್ತು. ಹೇಗೋ ಒಂದು ಕಟ್ಟಿ ಅಂಗಳದಲ್ಲಿ ಬಿಟ್ಟು ನೋಡಿದೆ. ಕುಡಿದವನ ಹಾಗೆ ತೂರಾಡಿಕೊಂಡು ಹೋಗಿ ಕೋಳಿಗೂಡಿಗೆ ಬಡಿಯಿತು. ಟ್ರೊಲಿನ್ ಅದನ್ನು ಎತ್ತಿಕೊಂಡು ಬಂದು ಗರಿ ಬಿಡಿಸಿ ನೋಡಿದಳು.

“ಎಡರೆಕ್ಕೆ ಗರೀನೂ ಬಲರೆಕ್ಕೆ ಗರೀನೂ ಒಂದೇ ಬಾಣಕ್ಕೆ ಕಟ್ಟಿದೀಯಲ್ಲ ಅಣ್ಣ. ಪಾಪ, ಅದು ಯಾರ ಮಾತು ಕೇಳ್ಬೇಕು?”

ಅವಳು ಅಟ್ಟದ ಕಡೆ ನೋಡಿದಳು. ಬಹಳ ಹೊತ್ತು ನೋಡಿ, ಕೊನೆಗೆ ತಾನೇ ಹಾಕಿದ ಕಟ್ಟಳೆಯನ್ನು ತಾನೇ ಮುರಿದಳು.

“ಕೇಳಿ ತಗೋ. ಮಗೂಗೆ ಅಂದ್ರೆ ಕೊಡಲ್ಲ ಅನ್ನೋನಲ್ಲ ಅವನು.”

ಕೇಳಿ ತೆಗೆದುಕೊಂಡೆ. ಪೆಟ್ಟಿಗೆ ತೆರೆದರೆ ಹೊಗೆ, ಅಂಟು, ಹಳೆಯ ತಂಬಾಕಿನ ವಾಸನೆ ಬಂತು; ಅಣ್ಣನೇ ಎದುರು ಕೂತಂತಾಯಿತು. ಮೂರು ಚಾಕುಗಳಿದ್ದವು. ಉದ್ದನೆಯದು ಬಿದಿರು ಸೀಳಲು, ಮೂತಿ ಬಾಗಿದ್ದು ಬಾಣದ ಬುಡದಲ್ಲಿ ಹೆದೆ ಕೂರುವ ಕಚ್ಚು ತೆಗೆಯಲು. ಮೂರನೆಯದು ಬೆರಳುದ್ದದ್ದು, ಮೂಳೆಯ ಹಿಡಿಯದು, ನೋಡಿದರೆ ಎಸೆಯಬೇಕು ಅನ್ನಿಸುವಂಥದ್ದು. ಅದರ ಹಿಡಿಯಲ್ಲಿ ಅಣ್ಣನ ಹೆಬ್ಬೆರಳು ಸವೆಸಿದ ಕುಳಿಯಿತ್ತು. ನನ್ನ ಹೆಬ್ಬೆರಳು ಇಟ್ಟೆ. ಸರಿಯಾಗಿ ಕೂತಿತು. ಗರಿಯ ಮೇಲೆ ಆಡಿಸಿದರೆ ಅದು ಕತ್ತರಿಸುತ್ತಿರಲಿಲ್ಲ, ಬೇಡದ್ದನ್ನು ಮೆಲ್ಲಗೆ ಬಿಡಿಸುತ್ತಿತ್ತು. ಎರಿ ರೇಷ್ಮೆಯ ದಾರದ ಉಂಡೆಯೊಂದಿತ್ತು. ಮರದ ಅಂಟಿನ ಗಟ್ಟಿಯಿತ್ತು, ಕೆಂಡಕ್ಕೆ ಹಿಡಿದರೆ ಕರಗಿ, ತೆಗೆದರೆ ಕೂಡಲೇ ಬಿಗಿಯುವಂಥದ್ದು. ಗರಿ ಇಡುವ ಬಿದಿರಿನ ಕೊಳವೆ ಎರಡು: ಕೆಂಪು ಬಟ್ಟೆ ಸುತ್ತಿದ್ದರಲ್ಲಿ ಬಲರೆಕ್ಕೆಯವು, ಕಪ್ಪು ಬಟ್ಟೆಯದರಲ್ಲಿ ಎಡರೆಕ್ಕೆಯವು. ಸಂತೆಯ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಪಕ್ಕಕ್ಕಿಟ್ಟೆ.

ಕೆಂಪು ಕೊಳವೆಯನ್ನು ಮಗುಚಿದಾಗ ಗರಿಗಳ ಹಿಂದೆಯೇ ಮೂರು ಪುಟ್ಟ ಬಾಣ ಜಾರಿ ನೆಲಕ್ಕೆ ಬಿದ್ದವು. ಮಸಿ ಹಿಡಿದು ಕಪ್ಪಾಗಿದ್ದವು, ಗರಿ ಇರಲಿಲ್ಲ. ಬುಡದಲ್ಲಿ ಕಾದ ಕಬ್ಬಿಣದಿಂದ ಸುಟ್ಟ ಗುರುತು, ಒಂದೊಂದೇ ಉಂಗುರ. ನಮ್ಮ ಮನೆಯಲ್ಲಿ ಮೊದಲ ಗಂಡಿಗೆ ಒಂದು ಉಂಗುರ, ಎರಡನೆಯವನಿಗೆ ಎರಡು. ತೊಲೆಯಲ್ಲಿರುವ ನನ್ನವಕ್ಕೆ ಎರಡಿವೆ.

ಅಂದರೆ ಇವು ಅಣ್ಣ ಹುಟ್ಟಿದಾಗ ಕಟ್ಟಿದ ಬಾಣಗಳು. ಅಣ್ಣನ ಚಿತೆಗೆ ತೊಲೆಯಿಂದ ಮೂರು ಬಾಣ ಇಳಿಸಿದವನು ನಾನೇ. ಅಳುವ ಗಲಾಟೆಯಲ್ಲಿ ಉಂಗುರ ನೋಡಿರಲಿಲ್ಲ. ನಾನು ಇಳಿಸಿದವು, ಬಿಲ್ಲುಪಂದ್ಯಕ್ಕೆಂದು ಅಣ್ಣ ಯಾರಿಗೋ ಕಟ್ಟಿ ಅಲ್ಲೇ ತೂಗುಹಾಕಿದ್ದ ಬಾಣಗಳಿರಬೇಕು. ಅವನ ಸ್ವಂತದವಕ್ಕೆ ಹುಳು ಹಿಡಿದಿತ್ತೇನೋ, ಹೊಸ ಗರಿ ಕಟ್ಟಲೆಂದು ಬಿಡಿಸಿಟ್ಟು, ಊರವರ ಕೆಲಸದಲ್ಲಿ ತನ್ನದನ್ನು ನಾಳೆ ನಾಳೆ ಎಂದು ಮುಂದೆ ಹಾಕಿದ್ದ. ಹಾಗಾಗಿ ಅಣ್ಣ ಹೊರಟದ್ದು ಬರಿಗೈಯಲ್ಲಿ. ಮೂರು ತಿಂಗಳು ಅವನು ನನ್ನೆದುರು ಚಾಚಿದ್ದು ಆ ಕೈಯನ್ನೇ.

ಟ್ರೊಲಿನ್‌ಗೆ ತೋರಿಸಿದೆ. ಅವಳು ಬೈಯಲಿಲ್ಲ. ಈಗ ಚಿತೆಯೆಲ್ಲಿಂದ ತರುವುದು, ಗರಿ ಕಟ್ಟಿ ಬಿಲ್ಲಿನಿಂದಲೇ ಕಳಿಸು ಎಂದಳು. ಕಳಿಸಿದ ಮೇಲೆ ಅವನು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಣ್ಣನ ಮೂರಕ್ಕೇ ಮೊದಲು ಕಟ್ಟಿದೆ. ಅವಳು ಅಂಟು ಕರಗಿಸಿದಳು, ನಾನು ದಾರ ಸುತ್ತಿದೆ. ಮೊದಲನೆಯದು ಒರಟಾಯಿತು, ಎರಡನೆಯದು ಪರವಾಗಿಲ್ಲ ಅನ್ನುವ ಹಾಗಾಯಿತು. ಮೂರನೆಯದನ್ನು ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದಾಗ ನನ್ನ ಕೈಯ ಕೆಲಸ ಎಂದು ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಮಗುವಿನ ಮೂರು ಬಾಣ ಸುಲಭವಾಗಿ ಆದವು. ಅವಕ್ಕೂ ಒಂದೊಂದೇ ಉಂಗುರ ಸುಟ್ಟೆ. ಆ ತಲೆಮಾರಿಗೆ ಅವನೇ ಮೊದಲ ಗಂಡು.

ಮಗು ಮನೆಗೆ ಬರುವ ದಿನ ಬೆಳಿಗ್ಗೆ ಹಾಸುಬಂಡೆಗೆ ಹೋದೆವು. ಕೆಳಗೆ ಕಣಿವೆ ತುಂಬ ಮಂಜು, ಅಲುಗಾಡದೆ ನಿಂತ ಹಾಲಿನ ಹಾಗೆ. ಒಂದು ಬಾಣ ಬಿಟ್ಟೆ. ಹೋಯಿತು, ಬಿದ್ದ ಸದ್ದು ಕೇಳಲಿಲ್ಲ. ಎರಡನೆಯದನ್ನು ಬಿಟ್ಟೆ. ಮೂರನೆಯದನ್ನು ಅಂಗಿಯೊಳಗೇ ಇಟ್ಟುಕೊಂಡೆ.

“ಇನ್ನೊಂದು?” ಎಂದಳು ಟ್ರೊಲಿನ್.

“ನಾಳೆ.”

ಅವಳು ನನ್ನ ಮುಖ ನೋಡಿ ಮನೆ ಕಡೆ ಇಳಿದಳು.

ಮರುದಿನ ಬೆಳಗಿನ ಜಾವ ಅಣ್ಣ ಬಂದ. ಕೈಯಲ್ಲಿ ಎರಡು ಬಾಣಗಳಿದ್ದವು. ಒಂದೊಂದನ್ನೂ ತಿರುಗಿಸಿ ನೋಡಿ ಗರಿಯ ಮೇಲೆ ಹೆಬ್ಬೆರಳು ಆಡಿಸಿದ. ಅಷ್ಟು ದಿನದಲ್ಲಿ ಮೊದಲ ಸಲ ಮಾತಾಡಿದ.

“ಚೆನ್ನಾಗಿ ಕಟ್ಟಿದೀಯ ಕಣೋ. ಇನ್ನೊಂದು ನಿನ್ನ ಹತ್ರಾನೇ ಇರ್ಬೇಕಾ? ಇರ್ಲಿ ಬಿಡು. ನಾನು ನಿಂತಿರ್ತೀನಿ.”

ಬೈದಿದ್ದರೆ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಅವನು ಹಾಗಂದದ್ದೇ ಎದೆಗೆ ನಾಟಿತು. ಅವನ ಕಾಲು ಮಂಜಿನಲ್ಲಿ ನೆನೆದು ಬಿಳಿಚಿಕೊಂಡಿದ್ದವು. ಅಲ್ಲಿಯವರೆಗೆ ನಾನು ಒಂದು ದಿನವೂ ಅವನ ಕಾಲು ನೋಡಿರಲಿಲ್ಲ.

ಎದ್ದವನೇ ಮುಖ ಕೂಡ ತೊಳೆಯದೆ ಬಂಡೆಗೆ ಹೋಗಿ ಬಾಣ ಬಿಟ್ಟೆ. ಮೂರರಲ್ಲಿ ಅದೇ ನೆಟ್ಟಗೆ ಹೋಯಿತು. ಕಣ್ಣು ಒರೆಸಿಕೊಂಡು ಮನೆಗೆ ಬಂದರೆ ಅಕ್ಕಿಹಿಟ್ಟು ಹರಡಿ, ಮಗುವನ್ನು ಮಲಗಿಸಿ, ನನಗಾಗಿ ಕಾಯುತ್ತಿದ್ದರು. ಬಿಲ್ಲಿನ ಪಕ್ಕದಲ್ಲಿ ಮೂರು ಬಾಣ ಇಟ್ಟೆ. ಸೋರೆಬುರುಡೆಯಿಂದ ಅಕ್ಕಿಹೆಂಡ ತೊಟ್ಟಿಕ್ಕುತ್ತಾ ಒಂದೊಂದೇ ಹೆಸರು ಹೇಳಿದರು; ಯಾವ ಹೆಸರಿಗೆ ಹನಿ ಬೀಳದೆ ನಿಲ್ಲುತ್ತದೋ ಅದೇ ಮಗುವಿನದು. ಶಾನ್‌ಲಾಂಗ್ ಎಂಬ ಹೆಸರಿಗೆ ಹನಿ ಬೀಳಲೊಲ್ಲದೆ ಬುರುಡೆಯ ಬಾಯಲ್ಲೇ ತೂಗಿ ನಿಂತಿತು. ಮಗುವಿಗೆ ಅದೇ ಹೆಸರಾಯಿತು.

ಅದರ ಮರುದಿನವೂ ಕನಸು ಬಿತ್ತು. ಬಂಡೆ ಇತ್ತು, ಮಂಜು ಇತ್ತು. ಅಣ್ಣ ಇರಲಿಲ್ಲ. ಅಭ್ಯಾಸಬಲದಿಂದ ಎಲೆಅಡಿಕೆ ಮಡಿಸಿದ್ದೆ, ಬಂಡೆಯ ಮೇಲಿಟ್ಟೆ. ತೆಗೆದುಕೊಳ್ಳಲು ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅದನ್ನು ನಾನೇ ಬಾಯಿಗೆ ಹಾಕಿಕೊಂಡೆ.