ಬಂಡೆಯ ಗಿಡಕ್ಕೆ ಒದ್ದೆ ಗೋಣಿ

ಮಗ್ಗದ ಸದ್ದು ನಿಂತಿತಲ್ಲ, ಎಳೆ ಕಡಿದಿರಬೇಕು, ಇನ್ನೇನು ಗಂಡ ವೆಂಕಟಸ್ವಾಮಿ ಒಳಗಿನಿಂದ ನೀರು ತಾ ಎಂದು ಕೂಗುತ್ತಾನೆ, ಮಗ್ಗದ ಗುಂಡಿಯ ಮಣ್ಣು ಒಣಗಿದೆ, ಚಿಮುಕಿಸಬೇಕು — ಆದರೆ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸುವರ್ಣಮ್ಮ ಏಳಲಿಲ್ಲ, ಒದ್ದೆ ಗೋಣಿ ಸರಿಸಿ ಗಿಡದ ನಡುವಿಗೆ ಬೆರಳಿಟ್ಟಳು, ನಿನ್ನೆ ಬಿಲ್ಲೆಯಷ್ಟಗಲ ಕಂದಾಗಿತ್ತು, ಇವತ್ತು ಅಂಚಿನ ತನಕ ಕಂದು, ಪಾಚಿಯ ಮೆತ್ತೆಯ ಹಾಗಿದ್ದ ಗಿಡ ಈಗ ನೆನೆದ ನಾರಿನ ಹಾಗೆ ಬೆರಳಿಗೆ ಅಂಟುತ್ತದೆ, ಹುಡುಗಿಯ ಅಜ್ಜಿ ಬರುವ ಬಸ್ಸು ಯಳಂದೂರು ಬಿಟ್ಟಿರಬೇಕು, ಬಂದವಳು ಮೊದಲು ನೋಡುವುದೇ ಇದನ್ನ. ದೀಪಾವಳಿ ಕಳೆದ ಮೇಲೆ ಆ ಭಾಗ್ಯಮ್ಮ ಬೆಟ್ಟದಿಂದ ಮೊಮ್ಮಗಳು ಗೋವಿಂದಿಯನ್ನು ಕರೆತಂದು ಬಿಟ್ಟಳಲ್ಲ, ನಯಾಪೈಸೆ ಬಂದ ವರ್ಷ ಹುಟ್ಟಿದ ಹುಡುಗಿ, ಹೆತ್ತವಳು ಬಾಣಂತನದಲ್ಲೇ ಹೋದಳು, ಎಂಟು ವರ್ಷ ಅಜ್ಜಿಯೇ ಸಾಕಿದಳು, ಈಗ ಇಸ್ಕೂಲಿಗೆಂದು ಅಪ್ಪನ ಮನೆಗೆ, ಅಂದರೆ ತನ್ನ ಮನೆಗೆ, ತಾನು ಎರಡನೆಯವಳು — ಹುಡುಗಿಯ ಕೈಯಲ್ಲಿ ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ಬಂಡೆಯ ಸಂದಿಯಿಂದ ಕಿತ್ತ ಈ ಗಿಡ, ಸಾಸಿವೆಕಾಳಿನಷ್ಟು ನೀಲಿ ಹೂ. ಇದು ನಿಮ್ಮನೇಲಿ ಬದುಕುದ್ರೆ ಮಗಿನೂ ಬದುಕ್ತದೆ ಬುಡವ್ವ, ಇಲ್ದಿದ್ರೆ ನಾನ್ ಕರ್ಕಂಡ್ ಓಯ್ತೀನಿ. ಅಜ್ಜಿ ನಗುತ್ತಲೇ ಹೇಳಿದ್ದು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಏನು ಕಡಿಮೆ ಮಾಡಿದೆ ನಾನು, ಬೆಟ್ಟದ ಗಿಡ, ತಂಪಿನ ಗಿಡ, ಕೊಳ್ಳೇಗಾಲದ ಧಗೆಗೆ ಸೀದುಹೋದೀತೆಂದು ಮಗ್ಗಕ್ಕೆ ಮಾಡಿದ್ದನ್ನೇ ಇದಕ್ಕೂ ಮಾಡಿದೆ, ರೇಷ್ಮೆಯ ಎಳೆ ಒಣಗಿದರೆ ಕಡಿಯುತ್ತದೆ, ತೇವವಿದ್ದರೆ ಬಾಳುತ್ತದೆ, ಈ ಮನೆಗೆ ಬಂದಾಗ ಅತ್ತೆ ಮೊದಲು ಕಲಿಸಿದ್ದು ಅದು, ಬೆಳಿಗ್ಗೆ ನೀರು, ಸಂಜೆ ನೀರು, ಮಧ್ಯಾಹ್ನಕ್ಕೆ ಒದ್ದೆ ಗೋಣಿ, ಮಧುವನಹಳ್ಳಿಯಿಂದ ರೇಷ್ಮೆಹುಳದ ಹಿಕ್ಕೆ ತರಿಸಿ ಬುಡಕ್ಕೆ ಹಾಕಿದೆ, ಹಿತ್ತಿಲಿನ ದಾಸವಾಳ ಅದರಲ್ಲೇ ಗೋಡೆ ದಾಟಿ ಬೆಳೆದಿದೆ, ಇದು ಮಾತ್ರ ಕಂದು, ದಿನದಿನವೂ ನಡುವಿನಿಂದ ಕಂದು. ಪಕ್ಕದ ಮನೆ ಶಿವನಂಜಮ್ಮ ಗೋಡೆಯಾಚೆಯಿಂದ ಅಂದಳಲ್ಲ, ಮಲತಾಯಿ ಕೈ ಗಿಡುಕ್ಕೂ ಗೊತ್ತಾಯ್ತದೆ ಕಣಮ್ಮಿ, ತಮಾಷೆಗೆ ಅಂದದ್ದು, ಅವಳಿಗೇನು, ಐದು ಹೆತ್ತವಳು, ತನಗೆ ಇರುವುದು ಈ ಒಂದೇ, ಅದೂ ಬೇರೆಯವಳು ಹೆತ್ತದ್ದು, ಇವತ್ತು ಸಂಜೆಯ ಬಸ್ಸಿಗೆ ಅದೂ ಹೊರಟರೆ ಮತ್ತೆ ತಾನು, ಗಂಡ, ಮಗ್ಗದ ಸದ್ದು. ಸುವರ್ಣಮ್ಮ ಗಿಡವನ್ನು ಬುಡಸಮೇತ ಎತ್ತಿದಳು, ಎತ್ತುವುದೇನು, ತಾನೇ ಕೈಗೆ ಬಂತು, ಬೇರಿನ ಮೇಲಿನ ಕುತ್ತಿಗೆ ಕೊಳೆತು ಕಪ್ಪಾಗಿತ್ತು, ಮೂಗಿಗೆ ಹಿಡಿದರೆ ಮಗ್ಗದ ಗುಂಡಿಯದೇ ಮುಗ್ಗಲು ವಾಸನೆ — ಒಣಗಿ ಸತ್ತದ್ದಲ್ಲ ಇದು, ನೆನೆದು ಸತ್ತದ್ದು.

ಬೆನ್ನ ಹಿಂದೆ ಹುಡುಗಿ ಯಾವಾಗ ಬಂದು ನಿಂತಳೋ, ಬಿಗಿಯಾಗಿ ಹೆಣೆದ ಎರಡು ಜಡೆ, ಸುವರ್ಣಮ್ಮನೇ ಹೆಣೆದದ್ದು, ಮುಖದಲ್ಲಿ ಅಳು ಇಲ್ಲ. ಬೆಟ್ಟುದ್ ಮ್ಯಾಲೆ ಅದುಕ್ಕೆ ಯಾರೂ ನೀರಾಕಕಿಲ್ಲ ಚಿಕ್ಕವ್ವ, ಮಂಜು ಬತ್ತದೆ, ಗಾಳಿ ಬಂದು ಒಣುಗ್ಸ್ಕಂಡ್ ಓಯ್ತದೆ, ಅಷ್ಟೇಯ, ಅದ್ರ ಬುಡ್ದಲ್ಲಿ ಮಣ್ಣೇ ಇರಕಿಲ್ಲ, ಬರೀ ನುಚ್ಚುಕಲ್ಲು. ಮೊದಲೇ ಹೇಳಬಾರದಿತ್ತಾ ನನ್ನವ್ವ ಎಂದರೆ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಉಜ್ಜುತ್ತ, ನೀವು ಅಷ್ಟೊಂದ್ ಆಸೆಯಿಂದ ಆಕ್ತಿದ್ರಲ್ಲ. ಅನ್ನಕ್ಕೆ ಎರಡನೇ ಸಲ ತುಪ್ಪ ಸುರಿಯುವಾಗಲೂ ಹೀಗೇ ಸುಮ್ಮನಿರುತ್ತಾಳೆ, ಬಿಸಿಲಿಗೆ ಹೋಗಬೇಡ, ಬೀದಿಗೆ ಹೋಗಬೇಡ, ಬಾ ಇಲ್ಲಿ ಕೂತುಕೋ ಅಂದರೆ ಬಂದು ಕೂರುತ್ತಾಳೆ, ಸುಮ್ಮನಿದ್ದಾಳೆಂದರೆ ಸುಖವಾಗಿದ್ದಾಳೆ ಎಂದುಕೊಂಡೆನಲ್ಲ — ಕೊಳೆತ ಗಿಡವನ್ನು ಕೆಳಗಿಟ್ಟು ಹೇಳಿಬಿಟ್ಟಳು, ಅಜ್ಜಿ ಜೊತೆ ಓಗ್ಬೇಕು ಅನ್ಸುದ್ರೆ ಓಗವ್ವ, ನಾನೇನೂ ಅಂದ್ಕಳಕಿಲ್ಲ. ಹುಡುಗಿ ಒಗೆಯುವ ಕಲ್ಲಿನ ಹಿಂದಕ್ಕೆ ಹೋದಳು, ಬಿಸಿಲು ನೇರ ಬೀಳುವ ಕಡೆಗೆ, ಯಾರೂ ನೀರು ಹಾಕದ ಕಡೆಗೆ, ಬನ್ನಿ ಎಂದು ಕೈ ಮಾಡಿದಳು, ಬಗ್ಗಿ ನೋಡಿದರೆ ಎರಡು ಚಪ್ಪಡಿಗಳ ಸಂದಿನಲ್ಲಿ ಆ ಗಿಡದ್ದೇ ಒಂದು ಚೂರು, ನಡುವೆ ಕಂದಿಲ್ಲ, ಅಂಚಿನಲ್ಲೂ ಇಲ್ಲ. ಬಂದ್ ದಿಸವೇ ಮುರ್ದು ಇಲ್ಲಿಕ್ಕಿದ್ದೆ, ಅದು ಸತ್ರೆ ಅಜ್ಜಿ ನನ್ನ ಕರ್ಕಂಡ್ ಓಯ್ತಾಳಲ್ಲ ಅಂತ. ಅಜ್ಜಿ ಬಂದಾಗ ಇದ್ನೇ ತೋರ್ಸುವ ಚಿಕ್ಕವ್ವ. ಒಳಗಿನಿಂದ ನೀರು ಎಂಬ ಕೂಗು, ಯಾರಿಗೋ ಕೂಗಿದ ಹಾಗೆ, ಎಲ್ಲಿಂದಲೋ — ಸುವರ್ಣಮ್ಮನ ಕೈ ಅಭ್ಯಾಸಬಲದಿಂದ ಚೆಂಬಿನ ಕಡೆ ಹೋಯಿತು, ನಿಂತಿತು, ಸಂದಿನಲ್ಲಿ ಬೆರಳುಗುರಿನಷ್ಟು ಹಸಿರು, ಅದರ ಕುತ್ತಿಗೆಯ ಸುತ್ತ ಸಣ್ಣ ಬೆರಳುಗಳು ಒತ್ತಿ ಒತ್ತಿ ಕೂರಿಸಿದ ನುಚ್ಚುಕಲ್ಲು, ಹಸಿರು, ಒಣ ಕಲ್ಲು —