ಶುಂಠಿಯ ಮೇಲೆ ಶುಂಠಿ

ಮೊಮ್ಮಗನನ್ನು ನೋಡಿಕೊಂಡು ಜಹೀರಾಬಾದಿನಿಂದ ಬಂದ ಮಾಣಿಕಪ್ಪನಿಗೆ ಬಸ್ಸು ಇಳಿದ ಕೂಡಲೇ ಸುದ್ದಿ ಸಿಕ್ಕಿತು. ಊರ ನೀರಿನ ಮೋಟಾರು ಸುಟ್ಟಿತ್ತು, ರಿಪೇರಿಯೂ ಆಗಿತ್ತು. ಹಿಂದೆ ವಾರ್ಡ್ ಮೆಂಬರಾಗಿದ್ದ ಕೌಶಲ್ಯಾ ನಾರಾಯಣಖೇಡದಿಂದ ಮೆಕ್ಯಾನಿಕನನ್ನು ಕರೆಸಿ ಸಂಜೆಯೊಳಗೆ ನೀರು ಬಿಡಿಸಿದ್ದಳು. ಇವನಿಗೆ ಒಂದು ಫೋನೂ ಬಂದಿರಲಿಲ್ಲ.

ಮಾಣಿಕಪ್ಪನ ನೆತ್ತಿ ಉರಿಯಿತು. ಎರಡು ಸಲ ಊರ ಪಂಚಾಯಿತಿಯ ಸರ್ಪಂಚನಾದವನು ಅವನು. ಅವಧಿ ಮುಗಿದ ಮೇಲೂ ಊರು ಅವನನ್ನು ಸರ್ಪಂಚ ಅಂತಲೇ ಕರೆಯುತ್ತಿತ್ತು.

"ನನಗೊಂದು ಫೋನೂ ಮಾಡ್ಲಿಲ್ಲ" ಎಂದು ಬುಸುಗುಡುತ್ತಲೇ ಮನೆಗೆ ಬಂದ. ಹೆಂಡತಿ ಸುಗಲಾಬಾಯಿ ಅಂಗಳದಲ್ಲಿ ಆಗಷ್ಟೇ ಕಿತ್ತ ಶುಂಠಿಯ ಮಣ್ಣು ಉದುರಿಸುತ್ತಿದ್ದಳು. ಕಟ್ಟೆಯ ಮೇಲೆ ಆತ್ಮಾರಾಮ ನಾಲ್ಕು ಜನ ರೈತರೊಂದಿಗೆ ಕಾದಿದ್ದ. ಸರ್ಪಂಚ ಚುನಾವಣೆಗೆ ನಾಮಪತ್ರ ಹಾಕಲು ಮರುದಿನವೇ ಕಡೆಯ ದಿನ.

"ಮೂರನೇ ಸಲನೂ ನೀವೇ ಆಗ್ರಿ, ಸರ್ಪಂಚ್ ಸಾಬ್. ಯಾರೂ ಎದುರು ನಿಲ್ಲದಂಗ ನೋಡ್ಕೋತೀವಿ. ನೀವಿಲ್ದ ಊರು ನಡ್ಯಂಗಿಲ್ರಿ," ಎಂದ ಆತ್ಮಾರಾಮ.

ಮಾಣಿಕಪ್ಪನ ಸಿಟ್ಟು ಇಳಿದು ಎದೆ ಉಬ್ಬಿತು. ಕುರ್ಚಿಯ ಆಸೆ ಅವನಿಗೂ ಇತ್ತು. ಆದರೆ ಮೊದಲ ಸಲ, ನಾಲ್ಕು ಸಲ ಗೆದ್ದು ಕುರ್ಚಿಗೆ ಅಂಟಿಕೊಂಡಿದ್ದ ಹಣಮಂತರಾಯನ ವಿರುದ್ಧ ನಿಂತಾಗ, ಇಡೀ ಊರ ಮುಂದೆ ತಾನೇ ಕೂಗಿದ್ದ: "ಯಾರಿಗೇ ಆಗ್ಲಿ ಎರಡು ಸಲ ಸಾಕು. ಮೂರನೇ ಸಲ ನಾ ನಿಂತ್ರ ಮಾರಿಗಿ ಸಗಣಿ ಬಡೀರಿ!"

"ಆವತ್ತು ನಾ ಅಂದ ಮಾತು?" ಎಂದು ಮೆಲ್ಲಗೆ ಕೇಳಿದ.

"ಅಯ್ಯ, ಎಲೆಕ್ಷನ್ ಮಾತು ಯಾರ್ ನೆಪ್ಪಿಡ್ತಾರ್ರಿ?"

"ನಾ ಇಟ್ಟೀನಿ," ಸುಗಲಾಬಾಯಿ ತಲೆ ಎತ್ತದೆ ಅಂದಳು. "ಆತ್ಮಾರಾಮ, ಹ್ವಾದ ವರ್ಷ ಶುಂಠಿ ಹಚ್ಚಿದ ಹೊಲದಾಗ ಈ ಸಲ ಏನ್ ಹಾಕಿದಿ?"

"ತೊಗರಿ, ವೈನಿ. ಶುಂಠಿ ಮ್ಯಾಲ ಶುಂಠಿ ಹಚ್ಚಿದ್ರ ಕೊಳೀತದಲ್ಲ."

"ಮಣ್ಣು ಕೆಟ್ಟಿರ್ತದೇನು?"

"ಮಣ್ಣು ಛಲೋನೇ ಇರ್ತದ. ರೋಗಕ್ಕ ಹೊಲದ ಗುರ್ತು ಸಿಕ್ಕಿರ್ತದ, ಅಷ್ಟೇ."

"ನಮ್ಮನಿ ಮಣ್ಣೂ ಛಲೋನೇ ಅದ," ಎಂದು ಗಂಡನತ್ತ ಗದ್ದ ಎತ್ತಿದಳು. "ಮೋಟಾರ್ ನಡದದ, ನೀರು ಬಂದದ. ಆದ್ರೂ ತಮಗ ಫೋನ್ ಬರ್ಲಿಲ್ಲಂತ ಬುಸುಗುಡ್ಕೋತ ಬಂದಾರ. ರೋಗಕ್ಕ ಗುರ್ತು ಸಿಕ್ಕಂಗ ಕಾಣ್ತದ."

ರೈತರು ಕಿಸಕ್ಕನೆ ನಕ್ಕರು. "ಬಾಯಿ ಮುಚ್ಚು!" ಎಂದು ಗುಡುಗಿದ ಮಾಣಿಕಪ್ಪ ಆಮೇಲೆ ತಾನೇ ಬಾಯಿ ಮುಚ್ಚಿ ಕೂತ. ಓಣಿಯ ನಲ್ಲಿಯಲ್ಲಿ ಕೊಡ ತುಂಬುವ ಸದ್ದು ಕೇಳುತ್ತಿತ್ತು. ಎದ್ದು ನಿಂತು ಆತ್ಮಾರಾಮನ ಕಡೆ ತಿರುಗಿದ.

"ನಾನಿಲ್ದ ಊರು ನಡ್ಯಂಗಿಲ್ಲ ಅಂದ್ಯಲ್ಲ, ಅದು ಮರ್ಯಾದಿ ಅಲ್ಲೋ, ಬೈಗುಳ! ಎರಡು ಸಲ ಸರ್ಪಂಚ ಆಗಿ ನಾ ಏನ್ ಕತ್ತೆ ಕಾಯ್ದೆನೇನು? ಮೋಟಾರ್ ಸುಟ್ರ ಯಾರ್ನ ಹಿಡೀಬೇಕಂತ ಆ ಕೌಶಲ್ಯಾಗ ಕಲಿಸ್ದವ ನಾನು. ಕಲ್ತಾಳ! ನನ್ನ ಕೇಳದಂಗ ಮಾಡ್ಯಾಳ!"

ಮರುದಿನ ನಾಮಪತ್ರ ಹಾಕಲು ಕೌಶಲ್ಯಾ ಸಾಲಿನಲ್ಲಿ ನಿಂತಿದ್ದಳು. ಅವಳ ಹೆಸರು ಸೂಚಿಸಿ ಸಹಿ ಹಾಕಿದವನು ಮಾಣಿಕಪ್ಪ. ಅಲ್ಲೇ ಹಣಮಂತರಾಯ ಕೋಲೂರಿಕೊಂಡು ಎದುರಾದ.

"ಬಂದೇನೋ ಮಾಣಿಕ್ಯಾ? ಸಗಣಿ ಕಲಸಿಟ್ಟೀನಿ, ಮಾರಿ ತಾ."

"ಕುಳ್ಳು ತಟ್ರಿ, ಕಾಕಾ. ನಾ ನಿಂತಿಲ್ಲ."

ಮಾಣಿಕಪ್ಪ ಹೆಗಲ ಟವೆಲ್ಲು ಕೊಡವಿ ಕೌಶಲ್ಯಾಳ ಹಿಂದೆ ಹೋಗಿ ನಿಂತ. ಹಿಂದೆ ನಿಂತು ಅವನಿಗೆ ರೂಢಿಯಿರಲಿಲ್ಲ. ಆದರೂ ಎದೆ ಸೆಟೆಸಿಕೊಂಡೇ ನಿಂತ.